ಕೆಡವುವ ಮುನ್ನ ಸೂರು ಹತ್ತಿ ನೋಡಿ

(ಬಾನುಲಿ ಭಾಷಣ)

ಗೌರಿ ಹಬ್ಬಕ್ಕೋ ಊರ ಜಾತ್ರೆಗೋ ಅಣ್ಣತಮ್ಮಂದಿರು, ಅಕ್ಕತಂಗಿಯರು ಹಳ್ಳಿಯ ಮನೆಯಲ್ಲಿ ಸೇರುತ್ತಾರೆ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ: ಈ ಮನೆಯನ್ನು ಏನು ಮಾಡೋಣ? ಕೆಡವಿ ತಾರಸಿ ಹಾಕಿಸೋಣ ಎಂದು ಒಬ್ಬರು. ಅಪ್ಪ ಹುಟ್ಟಿದ ಮನೆ, ಮುಟ್ಟಬೇಡಿ ಎಂದು ಇನ್ನೊಬ್ಬರು. ಖರ್ಚು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಗಡಿಯಾರ ನೋಡುತ್ತಾರೆ. ತೀರ್ಮಾನವಾಗದೆ ಬಸ್ಸು ಹತ್ತುತ್ತಾರೆ. ಮುಂದಿನ ಮಳೆಗಾಲದಲ್ಲಿ ಇನ್ನೆರಡು ಹೆಂಚು ಜಾರುತ್ತವೆ, ಅಲ್ಲಿಂದ ಇಳಿದ ನೀರು ತೊಲೆಯ ತುದಿಗೆ ಹೋಗಿ ನಿಲ್ಲುತ್ತದೆ.

ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರದ ಕಡೆಯ ತೊಟ್ಟಿ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತೇನೆ. ಮುಂದೆ ಜಗಲಿ, ಒಳಗೆ ಕಂಬಗಳ ಸಾಲು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಒಂದೂವರೆ ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹೆಂಚು. ಮಲೆನಾಡು, ಕರಾವಳಿ, ಬಯಲುಸೀಮೆಯ ಮನೆಗಳ ರೂಪ ಬೇರೆ. ಕರಾವಳಿಯಲ್ಲಿ ಮುರಕಲ್ಲು, ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮಾಳಿಗೆ. ಆದರೆ ನಾನು ಹೇಳಬೇಕಾದ ಮುಖ್ಯ ಮಾತು ಎಲ್ಲಕ್ಕೂ ಹೊಂದುತ್ತದೆ. ಹಳೆಯ ಮನೆಯನ್ನು ಅದು ಯಾವುದರಿಂದ ಕಟ್ಟಲ್ಪಟ್ಟಿತೋ ಅದರಿಂದಲೇ ರಿಪೇರಿ ಮಾಡಬೇಕು. ಅದಕ್ಕೂ ಮೊದಲು ನೀರು ಎಲ್ಲಿಂದ ಒಳಗೆ ಬರುತ್ತಿದೆ ಎಂದು ಕಂಡುಹಿಡಿಯಬೇಕು. ಇವೆರಡು ಆದರೆ ನಮ್ಮ ಹೆಚ್ಚಿನ ಹಳೆಯ ಮನೆಗಳು ಇನ್ನೂ ಎರಡು ತಲೆಮಾರು ಬಾಳುತ್ತವೆ.

ಇದನ್ನು ಪರಿಸರದ ವಿಷಯ ಎಂದು ಯಾಕೆ ಕರೆಯಬೇಕು? ಸಿಮೆಂಟ್ ಮಾಡಲು ಸುಣ್ಣಕಲ್ಲನ್ನೂ ಜೇಡಿಯನ್ನೂ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಉರಿಸುವ ಕಲ್ಲಿದ್ದಲಿನ ಹೊಗೆ ಒಂದು ಕಡೆ. ಕಲ್ಲಿನೊಳಗೇ ಅಡಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬರುವುದು ಇನ್ನೊಂದು ಕಡೆ. ಜಗತ್ತು ಹೊರಬಿಡುವ ಈ ಅನಿಲದಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟ್ ಉದ್ಯಮವೊಂದರದೇ. ಅದಕ್ಕೆ ಕಬ್ಬಿಣ ಸೇರಿಸಿ, ಸುಟ್ಟ ಇಟ್ಟಿಗೆ ಸೇರಿಸಿ, ಕ್ವಾರಿಯಲ್ಲಿ ಬಂಡೆ ಪುಡಿಮಾಡಿ ತಂದ ಎಂ-ಸ್ಯಾಂಡ್ ಸೇರಿಸಿ, ಎಲ್ಲವನ್ನೂ ಹೊತ್ತು ತಂದ ಲಾರಿಯ ಡೀಸೆಲ್ ಸೇರಿಸಿ. ನಿಮ್ಮ ಅಜ್ಜನ ಮನೆಯ ಗೋಡೆಗೆ ಬೇಕಾದ ಮಣ್ಣು ಊರ ಹಿಂದಿನ ಕೆರೆಯಂಗಳದಿಂದ ಎತ್ತಿನ ಗಾಡಿಯಲ್ಲಿ ಬಂದದ್ದು. ಕಂಬದ ಹಲಸು ಹಿತ್ತಿಲಲ್ಲೋ ತೋಟದ ಅಂಚಿನಲ್ಲೋ ಬೆಳೆದದ್ದು. ಅದಕ್ಕೆ ಭೂಮಿ ತೆರಬೇಕಾದ ಬೆಲೆಯನ್ನು ನೂರು ವರ್ಷದ ಹಿಂದೆಯೇ ತೆತ್ತಾಗಿದೆ. ಕೆಡವಿದರೆ ಆ ಲೆಕ್ಕ ವ್ಯರ್ಥವಾಗುತ್ತದೆ, ಹೊಸ ಲೆಕ್ಕ ಶುರುವಾಗುತ್ತದೆ. ಕೆಡವಿದ ಅವಶೇಷಕ್ಕೂ ಜಾಗ ಬೇಕು. ಕಟ್ಟಡದ ಅವಶೇಷಗಳ ವಿಲೇವಾರಿಗೆಂದು 2016ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ತಂದಿತು. ಆದರೂ ನಮ್ಮ ಕೆರೆ ಏರಿಗಳ ಪಕ್ಕ ಒಮ್ಮೆ ನಡೆದು ಬನ್ನಿ, ಯಾರ ಯಾರ ಮನೆಯ ಗೋಡೆ ಅಲ್ಲಿ ಬಿದ್ದಿದೆ ಎಂದು ತಿಳಿಯುತ್ತದೆ.

ಈಗ ನೀರಿನ ವಿಷಯಕ್ಕೆ ಬರೋಣ. ಮಣ್ಣಿನ ಮನೆಯನ್ನು ಕೊಲ್ಲುವುದು ವಯಸ್ಸಲ್ಲ, ನೀರು. ಅದು ಮೂರು ಕಡೆಯಿಂದ ಬರುತ್ತದೆ: ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ.

ಮೇಲಿನಿಂದ ಬರುವುದು ಎಲ್ಲರಿಗೂ ಕಾಣುತ್ತದೆ. ಹೆಂಚು ಒಡೆದಿರುತ್ತದೆ, ಜಾರಿರುತ್ತದೆ, ಹೆಂಚಿನ ಸಂದಿಯಲ್ಲಿ ಎಲೆ ಸೇರಿ ಕೊಳೆತಿರುತ್ತದೆ. ತೊಟ್ಟಿ ಮನೆಯಲ್ಲಿ ಇದಕ್ಕಿಂತ ಅಪಾಯದ ಜಾಗ ಒಂದಿದೆ. ತೊಟ್ಟಿಯ ನಾಲ್ಕು ಮೂಲೆಗಳಲ್ಲಿ ಎರಡೆರಡು ಇಳಿಜಾರು ಕೂಡುತ್ತವೆ. ಒಳಗಿನ ಇಳಿಜಾರುಗಳ ನೀರಿನಲ್ಲಿ ದೊಡ್ಡ ಪಾಲು ಆ ನಾಲ್ಕು ಮೂಲೆಗಳ ಮೂಲಕವೇ ಇಳಿಯುತ್ತದೆ. ಅಲ್ಲಿ ಹಾಕಿದ ತಗಡು ತುಕ್ಕು ಹಿಡಿದು ತೂತಾದರೆ ಕೆಳಗಿನ ಮರ ಒಳಗೊಳಗೇ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ರಿಪೇರಿ ಎಂದರೆ ಮೊದಲು ಏಣಿ ತರಿಸಿ. ಗೋಡೆಗೆ ಬಣ್ಣ ಹೊಡೆಸುವ ಹಣವನ್ನು ಆ ನಾಲ್ಕು ಮೂಲೆಗಳಿಗೆ ಹಾಕಿ.

ಪಕ್ಕದಿಂದ ಬರುವ ನೀರು ಇತ್ತೀಚಿನ ಕಾಯಿಲೆ. ಹಳ್ಳಿಯ ಬೀದಿಗೆ ಮೊದಲು ಜಲ್ಲಿ ಬಿತ್ತು, ಆಮೇಲೆ ಡಾಂಬರು, ಆಮೇಲೆ ಕಾಂಕ್ರೀಟು. ಹಳೆಯದನ್ನು ಅಗೆಯದೆ ಅದರ ಮೇಲೆಯೇ ಹೊಸದನ್ನು ಸುರಿಯುತ್ತ ಹೋದರು. ಮೂರು ಮೆಟ್ಟಿಲು ಹತ್ತಿ ಹೋಗಬೇಕಾಗಿದ್ದ ಜಗಲಿ ಈಗ ಬೀದಿಯ ಮಟ್ಟಕ್ಕೆ ಬಂದಿದೆ, ಎಷ್ಟೋ ಊರುಗಳಲ್ಲಿ ಬೀದಿಗಿಂತ ಕೆಳಗಿದೆ. ಜೋರು ಮಳೆ ಬಂದರೆ ಬೀದಿಯ ನೀರು ಜಗಲಿ ದಾಟಿ ಗೋಡೆಯ ಬುಡಕ್ಕೆ ನುಗ್ಗುತ್ತದೆ. ಇದನ್ನು ಮನೆಯವರು ಒಬ್ಬರೇ ಸರಿಮಾಡಲು ಆಗುವುದಿಲ್ಲ. ರಸ್ತೆ ಮಾಡುವಾಗ ಹಳೆಯ ಪದರ ಅಗೆದು ಮಟ್ಟ ಕಾಪಾಡಬೇಕೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಹಳೆಯ ಮನೆಗಳಿರುವ ಬೀದಿಯವರೆಲ್ಲ ಸೇರಿ ಕೇಳಬೇಕು. ನನ್ನ ಮಟ್ಟಿಗೆ ಪಾರಂಪರಿಕ ಕಟ್ಟಡಗಳ ರಕ್ಷಣೆಯ ಮೊದಲ ಹೆಜ್ಜೆ ಇದು.

ಕೆಳಗಿನಿಂದ ಬರುವ ನೀರು ಕಣ್ಣಿಗೆ ಕಾಣದು. ನೆಲದ ತೇವ ಪಾಯದಿಂದ ಗೋಡೆಗೆ ಏರುತ್ತದೆ. ಹಿಂದೆ ಅದು ಏರುತ್ತಿತ್ತು, ಗೋಡೆಯ ಮೈಯಿಂದ ಆರಿಯೂ ಹೋಗುತ್ತಿತ್ತು. ಮಣ್ಣು, ಸುಣ್ಣ, ಸಗಣಿ ಸಾರಿಸಿದ ನೆಲ ಎಲ್ಲಕ್ಕೂ ತೇವವನ್ನು ಗಾಳಿಗೆ ಬಿಟ್ಟುಕೊಡುವ ಗುಣವಿತ್ತು. ನಾವು ಏನು ಮಾಡಿದೆವು? ಅಂಗಳಕ್ಕೆ ಕಾಂಕ್ರೀಟು ಹಾಕಿದೆವು, ಒಳಗೆ ಟೈಲ್ಸ್ ಹಾಸಿದೆವು, ಗೋಡೆಗೆ ಎರಡೂ ಕಡೆ ಸಿಮೆಂಟ್ ಬಳಿದೆವು. ಬೆವರುವ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಾಗಾಯಿತು. ಒಳಗೆ ಸಿಕ್ಕಿಬಿದ್ದ ತೇವ ಎರಡಡಿ, ಮೂರಡಿ ಮೇಲೆ ಹೋಗಿ ಬಣ್ಣವನ್ನು ಉಬ್ಬಿಸುತ್ತದೆ. ಜೊತೆಗೆ ಬಂದ ಉಪ್ಪು ಬಿಳಿ ಪುಡಿಯಾಗಿ ಹೊರಬರುತ್ತದೆ. ಮೇಸ್ತ್ರಿ ಬಂದು ಅದನ್ನು ಕೆರೆದು ಇನ್ನಷ್ಟು ಗಟ್ಟಿಯಾದ ಸಿಮೆಂಟ್ ಬಳಿಯುತ್ತಾನೆ. ಎರಡು ವರ್ಷಕ್ಕೆ ತೇವ ಇನ್ನೂ ಒಂದಡಿ ಮೇಲೆ ಕಾಣಿಸಿಕೊಳ್ಳುತ್ತದೆ. ಒಂದು ದಿನ ಸಿಮೆಂಟಿನ ಪದರ ಚಕ್ಕಳದಂತೆ ಕಳಚಿ ಬಿದ್ದಾಗ ಹಿಂದಿನ ಮಣ್ಣು ಹಿಟ್ಟಿನಂತೆ ಉದುರುತ್ತದೆ. ಆಗ ಎಲ್ಲರೂ ಹೇಳುತ್ತಾರೆ, ಮಣ್ಣಿನ ಗೋಡೆಗೆ ಆಯಸ್ಸು ಮುಗಿಯಿತು ಎಂದು.

ಈ ಸಿಮೆಂಟ್ ಹಳ್ಳಿಯ ಗೋಡೆಗಳಿಗೆ ಬಂದ ಕಾಲವನ್ನು ಸ್ವಲ್ಪ ನೆನೆಯೋಣ. 1982ರವರೆಗೆ ಸಿಮೆಂಟ್ ಪೂರ್ತಿ ಸರ್ಕಾರದ ಹತೋಟಿಯಲ್ಲಿತ್ತು. ಹತ್ತು ಚೀಲ ಬೇಕೆಂದರೂ ಪರ್ಮಿಟ್‌ಗಾಗಿ ಕಚೇರಿಗೆ ಅಲೆದದ್ದು ಹಿರಿಯ ಕೇಳುಗರಿಗೆ ನೆನಪಿರಬಹುದು. ಆ ವರ್ಷ ಹತೋಟಿ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ನಮ್ಮ ಬಹುಪಾಲು ಮಣ್ಣಿನ ಗೋಡೆಗಳಿಗೆ ಸಿಮೆಂಟಿನ ಮೇಲುಡುಗೆ ಬಂದದ್ದು ಆ ನಂತರವೇ. ಅಂದರೆ ಗೋಡೆಗೆ ನೂರು ವರ್ಷವಾಗಿದ್ದರೆ ಅದರ ಕಾಯಿಲೆಗೆ ಮೂವತ್ತೋ ನಲವತ್ತೋ ವರ್ಷ ಅಷ್ಟೇ. ಸಿಮೆಂಟನ್ನು ನಾನು ದೂರುತ್ತಿಲ್ಲ. ಅಣೆಕಟ್ಟಿಗೆ, ಸೇತುವೆಗೆ, ಹೊಸ ಕಟ್ಟಡಕ್ಕೆ ಅದರ ಕೆಲಸ ಬೇರೆಯದು. ಮೆತ್ತನೆಯ ಗೋಡೆಗೆ ಗಟ್ಟಿಯಾದ, ಉಸಿರಾಡದ ಪದರ ಹೊಂದುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಏನು ಬಳಿಯಬೇಕು? ಸುಣ್ಣದ ಗಾರೆ, ಇಲ್ಲವೇ ಮಣ್ಣಿನದೇ ಗಿಲಾವು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಸುಟ್ಟ ಸುಣ್ಣ ಸಿಗುತ್ತದೆ. ನೀರಿಗೆ ಹಾಕಿದರೆ ಅದು ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಮರಳಿನೊಂದಿಗೆ ಕಲಸಿ ಬಳಿದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತ ನಿಧಾನವಾಗಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಸುಡುವಾಗ ಕಲ್ಲಿನಿಂದ ಹೊರಹೋದದ್ದರಲ್ಲಿ ಬಹುಭಾಗ ಗೋಡೆಗೆ ವಾಪಸು ಬರುತ್ತದೆ. ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ ಸೇರಿಸಿದರೆ ತೇವದಲ್ಲೂ ಗಟ್ಟಿಯಾಗುತ್ತದೆ. ಇದರ ಶಕ್ತಿಯ ಬಗ್ಗೆ ಅನುಮಾನವಿದ್ದವರು ಕನ್ನಂಬಾಡಿಗೆ ಹೋಗಿ ನೋಡಬಹುದು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ಕಾವೇರಿಯ ಅಷ್ಟು ನೀರನ್ನು ಅದು ಇವತ್ತಿಗೂ ಹಿಡಿದು ನಿಲ್ಲಿಸಿದೆ.

ನಮ್ಮ ಹಳೆಯ ಮೇಸ್ತ್ರಿಗಳು ಗಾರೆಯನ್ನು ಕಲ್ಲಿನ ಗಾಣದಲ್ಲಿ ಅರೆಸುತ್ತಿದ್ದರು. ದುಂಡನೆಯ ಕಾಲುವೆಯಲ್ಲಿ ಕಲ್ಲಿನ ಚಕ್ರವನ್ನು ಎತ್ತು ಎಳೆಯುತ್ತಿತ್ತು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದರು. ಇವನ್ನೆಲ್ಲ ಅಜ್ಜಿಯ ಕಥೆ ಎಂದು ತಳ್ಳಬೇಡಿ. ಬೆಲ್ಲ ಗಾರೆಯನ್ನು ಕೈಗೆ ಮೆದುವಾಗಿಸುತ್ತದೆ, ಬೇಗ ಒಣಗಿ ಬಿರುಕು ಬಿಡದಂತೆ ನೋಡಿಕೊಳ್ಳುತ್ತದೆ. ಈಗ ಗಾಣ ಸಿಗದಿದ್ದರೆ ಕಲಸುವ ಯಂತ್ರದಲ್ಲಿ ಹೆಚ್ಚು ಹೊತ್ತು ತಿರುಗಿಸಿ. ಸಾಮಾನ್ಯವಾಗಿ ಒಂದು ಪಾಲು ಸುಣ್ಣಕ್ಕೆ ಮರಳು, ಸುರ್ಕಿ ಸೇರಿ ಎರಡರಿಂದ ಮೂರು ಪಾಲು. ತೆಳುವಾಗಿ ಪದರ ಪದರವಾಗಿ ಬಳಿಯಬೇಕು, ಒಂದು ಪದರ ಹಿಡಿದ ಮೇಲೆ ಇನ್ನೊಂದು. ವಾರಗಟ್ಟಲೆ ತೇವ ಆರದಂತೆ ನೋಡಿಕೊಳ್ಳಬೇಕು. ಹಾಗೆಂದು ನೀರು ಸುರಿಯಬಾರದು, ಒದ್ದೆ ಗೋಣಿ ತೂಗಿದರೆ ಸಾಕು. ಗೃಹಪ್ರವೇಶದ ದಿನ ಗೊತ್ತುಮಾಡಿಕೊಂಡು ಗಾರೆ ಕೆಲಸ ಶುರುಮಾಡಿದರೆ ಕೆಡುತ್ತದೆ. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಸುಣ್ಣ ಅರಳಿಸುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಕೆಲಸದವರಿಗೆ ಕನ್ನಡಕವನ್ನೂ ಕೈಗವಸನ್ನೂ ನೀವೇ ಕೊಡಿಸಿ. ಕುದಿಯುವ ಸುಣ್ಣದ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಮಣ್ಣಿನ ಗಿಲಾವು ಇನ್ನೂ ಸುಲಭ, ಇನ್ನೂ ಅಗ್ಗ. ಉದುರಿದ ಗೋಡೆಯ ಮಣ್ಣನ್ನೇ ಜರಡಿ ಹಿಡಿದು ಮತ್ತೆ ಕಲಸಬಹುದು. ಅದರಲ್ಲಿ ಜೇಡಿ ಎಷ್ಟು, ಮರಳು ಎಷ್ಟು ಎಂದು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಿಲ್ಲ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಕುಲುಕಿ ಇಡಿ. ಮರಳು ಮೊದಲು ತಳ ಸೇರುತ್ತದೆ, ಅದರ ಮೇಲೆ ಗೋಡು, ಕೊನೆಗೆ ಜೇಡಿ. ಮಾರನೆಯ ದಿನ ಪದರಗಳನ್ನು ಅಳೆದರೆ ಅಂದಾಜು ಸಿಗುತ್ತದೆ. ಜೇಡಿ ಜಾಸ್ತಿಯಾದರೆ ಬಿರುಕು ಬಿಡುತ್ತದೆ, ಮರಳು ಸೇರಿಸಿ. ಹುಲ್ಲು ಕತ್ತರಿಸಿ ಹಾಕಿ, ಕೆಲವು ದಿನ ಕೊಳೆಯಲು ಬಿಟ್ಟು, ಕಾಲಿನಲ್ಲಿ ತುಳಿದು ಬಳಿಯಿರಿ. ಮೇಲೆ ಸುಣ್ಣ ಹೊಡೆದರೆ ಮುಗಿಯಿತು. ಪ್ಲಾಸ್ಟಿಕ್‌ನಂಥ ಪೊರೆ ಕಟ್ಟುವ ಎಮಲ್ಷನ್ ಬಣ್ಣ ಬೇಡ.

ಗೋಡೆಯ ಬಿರುಕು ಕಂಡರೆ ಎಲ್ಲರಿಗೂ ಎದೆ ನಡುಗುತ್ತದೆ. ಎಲ್ಲ ಬಿರುಕೂ ಬೆಳೆಯುವುದಿಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗಾರೆ ಹಚ್ಚಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಮಳೆಗಾಲ ಕಳೆದರೂ ಗಾಜು ಒಡೆಯದಿದ್ದರೆ ಬಿರುಕು ಹಳೆಯದು, ಮುಚ್ಚಿದರೆ ಸಾಕು. ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ, ಪಾಯದಲ್ಲಿ ತೊಂದರೆಯಿರಬಹುದು. ಆಗ ತಿಳಿದ ಎಂಜಿನಿಯರನ್ನು ಕರೆಸಲೇಬೇಕು.

ಮರದ ಕಥೆಯೂ ಹೀಗೆಯೇ. ತೊಲೆ ನಡುವಿನಲ್ಲಿ ಹಾಳಾಗುವುದು ಅಪರೂಪ, ಗೋಡೆಯೊಳಗೆ ಕೂತ ತುದಿ ಮೊದಲು ಹೋಗುತ್ತದೆ. ಒಂದು ದಬ್ಬಣ ತೆಗೆದುಕೊಂಡು ಪ್ರತಿ ತೊಲೆಯ ತುದಿಗೆ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಅಲ್ಲಿ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ಆ ಒಂದೆರಡು ಅಡಿಯನ್ನು ಮಾತ್ರ ಕತ್ತರಿಸಿ ಹೊಸ ತುಂಡನ್ನು ಓರೆಯಾಗಿ ಕೊರೆದು ಜೋಡಿಸುವುದು ಆಚಾರಿಗಳಿಗೆ ಗೊತ್ತಿರುವ ಕೆಲಸ. ಇಡೀ ತೊಲೆ ಬದಲಿಸಿ ಎಂದವರ ಮಾತು ಕೇಳಿ ಆತುರಪಡಬೇಡಿ. ಅಂಥ ಬಲಿತ ಹಲಸು, ಹೊನ್ನೆ, ತೇಗ ಇವತ್ತು ಯಾವ ಡಿಪೋದಲ್ಲೂ ಸುಲಭವಾಗಿ ಸಿಗುವುದಿಲ್ಲ. ಕರಾವಳಿಯವರು ಸೂರಿನ ಪಕ್ಕಾಸುಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ, ದೋಣಿಗೂ ಅದನ್ನೇ ಬಳಿಯುವುದು. ಗೆದ್ದಲು ಆ ಕಡೆ ತಲೆ ಹಾಕುವುದಿಲ್ಲ. ಒಳನಾಡಿನವರೂ ಅದನ್ನು ತರಿಸಿಕೊಳ್ಳಬಹುದು. ಆದರೆ ಮೈಗೆ ತಾಗಿದರೆ ಚರ್ಮ ಸುಡುತ್ತದೆ, ಜೋಪಾನ.

ಹೆಂಚಿನ ಬಗ್ಗೆ ಒಂದು ಮಾತು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನೇತ್ರಾವತಿ ತೀರದ ಜೇಡಿಮಣ್ಣಿನಿಂದ ಮಾಡಿದ ಆ ಹೆಂಚು ಹಡಗಿನಲ್ಲೂ ರೈಲಿನಲ್ಲೂ ದೇಶ ಸುತ್ತಿತು. ನಿಮ್ಮ ಮನೆಯ ಹೆಂಚು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಕಣಕಣ ಎಂದರೆ ಇನ್ನೂ ಬಾಳುತ್ತದೆ, ದಡ್ಡನೆ ಸದ್ದಾದರೆ ಒಳಗೆ ಸೀಳಿದೆ. ಕೆಡವಿದ ಮನೆಗಳ ಹಳೆಯ ಹೆಂಚು ಮಾರಾಟಕ್ಕೆ ಸಿಗುತ್ತದೆ. ಹೊಸದಕ್ಕಿಂತ ಅದೇ ಮೇಲು, ಅಳತೆ ಒಂದೇ ಇರುವಂತೆ ನೋಡಿಕೊಂಡರಾಯಿತು. ಕೋತಿ ಕಾಟಕ್ಕೆ ಬೇಸತ್ತು ಮಲೆನಾಡಿನಲ್ಲಿ, ಈಗ ನಮ್ಮ ಕಡೆಯಲ್ಲೂ, ಹೆಂಚು ತೆಗೆದು ತಗಡು ಹೊದಿಸುವವರಿದ್ದಾರೆ. ಅವರ ಕಷ್ಟ ನಿಜವಾದದ್ದು. ಮೇಲೆ ಕಬ್ಬಿಣದ ಬಲೆ ಎಳೆದು ಹೆಂಚು ಉಳಿಸಿಕೊಂಡವರೂ ಇದ್ದಾರೆ. ತಗಡನ್ನೇ ಹಾಕುವುದಾದರೆ ಅದರ ಕೆಳಗೆ ಹೆಂಚಿನ ಪದರ ಬಿಡಿ. ಇಲ್ಲದಿದ್ದರೆ ಬೇಸಿಗೆಯ ಮಧ್ಯಾಹ್ನ ಮನೆಯೊಳಗೆ ಕೂರಲಾಗುವುದಿಲ್ಲ.

ಇಷ್ಟು ಹೊತ್ತು ಉಳಿಸುವ ಮಾತಾಡಿದೆ. ಎಲ್ಲವನ್ನೂ ಉಳಿಸಬೇಕು ಎಂದು ನಾನು ಹೇಳಲಾರೆ. ಹಳೆಯ ಮನೆಯನ್ನು ಹೊಗಳುವವರಲ್ಲಿ ಗಂಡಸರೇ ಹೆಚ್ಚು. ಅವರು ಕೂತದ್ದು ಜಗಲಿಯಲ್ಲಿ. ಅಡುಗೆಮನೆಯಲ್ಲಿ ಕಿಟಕಿಯಿರಲಿಲ್ಲ, ಇದ್ದರೆ ಅಂಗೈಯಗಲದ ಬೆಳಕಿಂಡಿ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹಸಿ ಸೌದೆಯ ಹೊಗೆ ಕುಡಿದು ಬೇಯಿಸಿದವರು ನಮ್ಮ ಅಜ್ಜಿಯರು, ಅಮ್ಮಂದಿರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ಎಂಬ ಘಟಕ ಹೊಗೆ ಕಡಿಮೆ ಮಾಡುವ ಒಲೆಯೊಂದನ್ನು ಮುಂದೆ ರೂಪಿಸಿತು. ಅಸ್ತ್ರ ಒಲೆ ಎಂದರೆ ಹಳೆಯ ಕೇಳುಗರಿಗೆ ತಿಳಿಯುತ್ತದೆ. ಆ ಮನೆಗಳಲ್ಲಿ ಶೌಚಾಲಯ ಇರಲಿಲ್ಲ, ಬಚ್ಚಲು ಹಿತ್ತಿಲಿನ ಕತ್ತಲಲ್ಲಿತ್ತು. ತಿಂಗಳಿಗೆ ಮೂರು ದಿನ ಹೆಣ್ಣುಮಕ್ಕಳನ್ನು ಕೂರಿಸುವ ಮೂಲೆ ಒಂದಿತ್ತು. ಯಾರು ಜಗಲಿಯವರೆಗೆ, ಯಾರು ಪಡಸಾಲೆಯವರೆಗೆ, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದೆಲ್ಲ ಆ ಮನೆಯ ಕಟ್ಟಣೆಯಲ್ಲೇ ಬರೆದಿತ್ತು. ಮರವನ್ನೂ ಮಣ್ಣನ್ನೂ ಉಳಿಸೋಣ, ಈ ಗೆರೆಗಳನ್ನು ಅಳಿಸೋಣ. ಅಡುಗೆಮನೆಯ ಹೊರಗೋಡೆಯಲ್ಲಿ ದೊಡ್ಡ ಕಿಟಕಿ ತೆರೆಯಿರಿ, ಮೇಲೆ ಮರದ ಅಥವಾ ಕಲ್ಲಿನ ಅಡ್ಡತೊಲೆ ಸರಿಯಾಗಿ ಕೂರಿಸಿ. ಸೂರಿನಲ್ಲಿ ಅಲ್ಲಲ್ಲಿ ಗಾಜಿನ ಹೆಂಚು ಹಾಕಿ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು, ನಿಮಗೆ ಏನು ಬೇಕು ಎಂದು ಕೇಳಿ ನಕ್ಷೆ ಮಾಡಿಸಿ.

ಸ್ನಾನದ ಮನೆ, ಶೌಚಾಲಯಗಳನ್ನು ಮಣ್ಣಿನ ಗೋಡೆಯೊಳಗೆ ತುರುಕಬಾರದು. ಹಿತ್ತಿಲಿನ ಕಡೆ, ಹಳೆಯ ಗೋಡೆಗೆ ತಾಗದಂತೆ ತನ್ನದೇ ಪಾಯದ ಮೇಲೆ ಸಣ್ಣದೊಂದು ಹೊಸ ಕಟ್ಟಡ ಕಟ್ಟಿ, ನಡುವೆ ಮುಚ್ಚಿದ ದಾರಿ ಮಾಡಿ. ಅಲ್ಲಿ ಇಟ್ಟಿಗೆ, ಸಿಮೆಂಟ್, ಟೈಲ್ಸ್ ಏನು ಬೇಕಾದರೂ ಬರಲಿ. ನೀರಿನ ಪೈಪುಗಳು ಗೋಡೆಯ ಹೊರಗೇ ಕಾಣುವಂತಿರಲಿ, ಸೋರಿದರೆ ಆ ದಿನವೇ ಗೊತ್ತಾಗುತ್ತದೆ. ವಯಸ್ಸಾದವರಿಗೆ ಎತ್ತರದ ಹೊಸ್ತಿಲು ಅಪಾಯ. ಎರಡೂ ಕಡೆ ಮರದ ಇಳಿಜಾರು ಇಟ್ಟು, ಗೋಡೆಗೆ ಹಿಡಿಕೆ ಹಾಕಿಸಿ.

ಮಳೆನೀರಿನ ವಿಷಯದಲ್ಲಿ ತೊಟ್ಟಿ ಮನೆಗೆ ಯಾರೂ ಪಾಠ ಹೇಳಬೇಕಿಲ್ಲ, ಒಳಸೂರಿನ ನೀರು ತಾನಾಗಿಯೇ ತೊಟ್ಟಿಯಲ್ಲಿ ಬಂದು ಕೂಡುತ್ತದೆ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೈಸೂರಿನ ಸುತ್ತ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಸಾವಿರ ಚದರಡಿ ಸೂರಿನಿಂದ, ಸೋರಿ ಆರಿ ಹೋದದ್ದನ್ನು ಕಳೆದರೂ ವರ್ಷಕ್ಕೆ 60 ಸಾವಿರ ಲೀಟರಿನಷ್ಟು ಸಿಗುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಟ್ಟು, ಉಳಿದದ್ದನ್ನು ಸೋಸಿ ಟ್ಯಾಂಕಿಗೋ ಬಾವಿಗೋ ಇಳಿಸಿ. ಹಾಗೆ ಮಾಡಿದಾಗ ಗೋಡೆಯ ಬುಡಕ್ಕೆ ಹೋಗುತ್ತಿದ್ದ ನೀರೂ ತಪ್ಪುತ್ತದೆ. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಬೇರೆ ಊರಿನವರು ಕಾನೂನಿಗೆ ಕಾಯಬೇಕೇ?

ವಿದ್ಯುತ್ತಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ದಪ್ಪ ಗೋಡೆ ಹಗಲಿನ ಬಿಸಿಲನ್ನು ಒಳಕ್ಕೆ ಬಿಡುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಬಿಸಿ ಗಾಳಿ ತೊಟ್ಟಿಯಿಂದ ಮೇಲೇರಿ ಹೋಗುತ್ತದೆ, ಎ.ಸಿ.ಯ ಮಾತೇ ಬರುವುದಿಲ್ಲ. ಹಳೆಯ ತಂತಿಗಳನ್ನು ಪೂರ್ತಿ ಬದಲಿಸಿ. ಮರದ ಮನೆಗೆ ಬೆಂಕಿ ಹತ್ತುವುದು ಎಷ್ಟೋ ಸಲ ಅಲ್ಲಿಂದಲೇ. ಸೂರಿಗೆ ಸೌರ ಫಲಕ ಹಾಕುವವರಿಗೆ 2024ರಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78 ಸಾವಿರ ರೂಪಾಯಿ ಸಹಾಯಧನವಿದೆ. ಹೆಂಚಿನ ಮೇಲೆ ಆ ಭಾರ ಬೇಡ, ಹಿತ್ತಿಲಿನ ಹೊಸ ಕಟ್ಟಡದ ತಾರಸಿಯ ಮೇಲೆ ಕೂರಿಸಿ.

ಆದರೆ ಸಹಾಯಧನ ಕೇಳಲು ಹೋದರೆ ಮೀಟರ್ ಯಾರ ಹೆಸರಿನಲ್ಲಿದೆ ಎನ್ನುತ್ತಾರೆ. ತೀರಿಹೋದ ತಾತನ ಹೆಸರಿನಲ್ಲಿ! ಇಲ್ಲಿಗೆ ನಮ್ಮ ಹಳೆಯ ಮನೆಗಳ ದೊಡ್ಡ ರೋಗಕ್ಕೆ ಬಂದೆವು. ಮನೆ ಎಲ್ಲರದೂ ಹೌದು, ಯಾರದೂ ಅಲ್ಲ. ಖಾತೆ ಬದಲಾಗಿಲ್ಲ, ಪಾಲಾಗಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಒಬ್ಬರು ಹಣ ಹಾಕಿದರೆ ನಾಳೆ ಹಕ್ಕು ಕೇಳುತ್ತಾರೆಂದು ಇನ್ನೊಬ್ಬರಿಗೆ ಅನುಮಾನ. ಮಳೆಗಿಂತ ಹೆಚ್ಚು ಮನೆಗಳನ್ನು ಈ ಅನುಮಾನ ಬೀಳಿಸಿದೆ. ಕೂತು ಮಾತಾಡಿ, ಪೌತಿ ಖಾತೆ ಮಾಡಿಸಿ. ಹೆಣ್ಣುಮಕ್ಕಳನ್ನು ಬಿಟ್ಟು ಮಾತಾಡಬೇಡಿ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವರಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಆ ಮನೆಯ ಮೇಲೆ ಪ್ರೀತಿಯೂ ಅವರಿಗೇ ಹೆಚ್ಚು ಇರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಎಲ್ಲರೂ ಸೇರಿ ವರ್ಷಕ್ಕಿಷ್ಟು ಎಂದು ಒಂದು ಜಂಟಿ ಖಾತೆಗೆ ಹಾಕಿ, ಲೆಕ್ಕ ಬರೆಯಲು ಒಬ್ಬರನ್ನು ನೇಮಿಸಿ.

ಕೆಲವು ಮನೆಗಳು ಉಳಿಯುವುದಿಲ್ಲ, ನಿಜ. ಪಾಯ ಕುಸಿದು ಗೋಡೆ ವಾಲಿದ್ದರೆ ಭಾವುಕರಾಗಿ ಅದರ ಕೆಳಗೆ ಮಲಗಬೇಡಿ. ಆಗಲೂ ಜೆ.ಸಿ.ಬಿ. ಕರೆಸುವ ಮುನ್ನ ಆಚಾರಿಯನ್ನು ಕರೆಸಿ. ಹಳೆಯ ಮರಗೆಲಸ ಮೊಳೆಗಿಂತ ಹೆಚ್ಚಾಗಿ ಬೆಣೆ, ಗೂಟಗಳಲ್ಲಿ ನಿಂತಿದೆ. ಬಿಚ್ಚಬಹುದು, ಮತ್ತೆ ಜೋಡಿಸಬಹುದು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಇದನ್ನು ಮಾಡಿ ತೋರಿಸಿದರು. ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮರಳಿ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ, ಕುಕನೂರಿನ ಕಮಲ ಮಹಲ್ ಅಲ್ಲಿವೆ. ಅಷ್ಟು ದೊಡ್ಡ ಕೆಲಸ ನಮ್ಮಿಂದ ಆಗದಿದ್ದರೂ ಹಳೆಯ ಕಂಬ, ಬಾಗಿಲು, ಹೆಂಚು, ಪಾಯದ ಕಲ್ಲುಗಳನ್ನು ಅದೇ ಜಾಗದ ಹೊಸ ಮನೆಯಲ್ಲಿ ಬಳಸಬಹುದು. ಗೋಡೆಯ ಮಣ್ಣಿಗೂ ಮರುಬಾಳಿದೆ. ಅಸ್ತ್ರ ಘಟಕದ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಬೆಳೆಸಿದ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯಲ್ಲಿ ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುತ್ತಾರೆ, ಸುಡುವುದಿಲ್ಲ. ಬೆಂಗಳೂರಿನಲ್ಲಿ ಅಂಥ ಮನೆಗಳು ಎಷ್ಟೋ ಇವೆ.

ಉಳಿದ ಮನೆಯಲ್ಲಿ ಯಾರು ಇರುತ್ತಾರೆ ಎಂದು ಕೇಳುವವರಿದ್ದಾರೆ. ಮನೆಗೆ ಒಂದೇ ಕೆಲಸವಿರಬೇಕೆಂದು ಯಾರು ಹೇಳಿದರು? ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ಶುರುಮಾಡಿದ್ದು ತಮ್ಮ ಮನೆಯಲ್ಲೇ. ಯಾದವಗಿರಿಯಲ್ಲಿದ್ದ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಹೊರಟಾಗ ಊರಿನವರು ತಡೆದರು, 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ನಮ್ಮ ನಿಮ್ಮ ಮನೆ ಅಷ್ಟು ಪ್ರಸಿದ್ಧವಲ್ಲ. ಆದರೂ ಊರಿನ ಮಕ್ಕಳಿಗೆ ಸಂಜೆಯ ಪಾಠ, ಸ್ವಸಹಾಯ ಸಂಘದ ಸಭೆ, ಬಾಡಿಗೆಗೆ ಒಂದು ಶಿಕ್ಷಕರ ಕುಟುಂಬ, ಇವಕ್ಕೆಲ್ಲ ತೊಟ್ಟಿ ಮನೆಯಲ್ಲಿ ಜಾಗವಿದೆ. ಮನೆಯಲ್ಲಿ ಯಾರಾದರೂ ಇದ್ದರೆ ಜಾರಿದ ಹೆಂಚು ಅವತ್ತೇ ಕಣ್ಣಿಗೆ ಬೀಳುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಸುಣ್ಣದ ಗಾರೆ ಕಲಸಬಲ್ಲ ಮೇಸ್ತ್ರಿಗಳು ಈಗ ಎಪ್ಪತ್ತು ದಾಟಿದವರು. ನಿಮ್ಮ ಊರಿನಲ್ಲಿ ಅಂಥವರೊಬ್ಬರು ಇದ್ದರೆ, ಮುಂಗಾರು ಬರುವ ಮೊದಲೇ ಅವರನ್ನು ಮನೆಗೆ ಕರೆಸಿ. ಏಣಿ ಹತ್ತಲು ಅವರಿಂದ ಆಗದಿದ್ದರೆ ಕೆಳಗೆ ಕುರ್ಚಿ ಹಾಕಿ ಕೂರಿಸಿ, ಹೇಳಿಕೊಡಲಿ. ಕಲಿಯುವ ಹುಡುಗರಿಬ್ಬರಿಗೆ ಕೂಲಿ ಕೊಡಿ. ಆ ಹಿರಿಯರಿಗೆ ಗುರುಕಾಣಿಕೆಯನ್ನು ಬೇರೆಯಾಗಿ ಕೊಡಿ.